ಹಳೆಯ ಡೀಸೆಲ್ ಪಿಕಪ್ ಕೊಂಡಾಗಿದೆ, ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ. ಇಂಜಿನ್ ಬಿಚ್ಚಿಸಬೇಕೆ?

ಬಿಚ್ಚಿಸಬೇಡಿ. ಈ ವಾರವಂತೂ ಬೇಡ.

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂದೆಯವರು ಕೋಲಾರದ ಕಡೆಯಿಂದ ಬೊಲೆರೊ ಪಿಕಪ್ ತಂದಿದ್ದಾರೆ. ಮಾರಿದವರು 2014ರ ಗಾಡಿ ಎಂದಿದ್ದಾರೆ. ಬೆಳಿಗ್ಗೆ ಏಳೆಂಟು ಸಲ ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಉಗುಳುತ್ತಾ ಏಳುತ್ತದೆ, ಆಮೇಲೆ ದಿನವಿಡೀ ಚೆನ್ನಾಗಿಯೇ ಓಡುತ್ತದೆ. ಅಂಗಡಿಯವರು ಕೊಟ್ಟ ಡೀಸೆಲ್ ಫಿಲ್ಟರ್ ಕೂರಲಿಲ್ಲ. ಮೆಕ್ಯಾನಿಕ್ 'ಇಂಜಿನ್ ಕೆಲಸ ಇದೆ' ಎಂದಿದ್ದಾರೆ. ಇಷ್ಟರಲ್ಲಿ ನನ್ನ ಕಿವಿ ನಿಮಿರಿದ್ದು ಹೊಗೆಯ ಮಾತಿಗಲ್ಲ, ಫಿಲ್ಟರ್ ಕೂರದ ಮಾತಿಗೆ. ಮನೆಗೆ ಬಂದಿರುವುದು ಯಾವ ಗಾಡಿ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಹಸುವೋ ಎತ್ತೋ ನೋಡದೆ ತಂಬಿಗೆ ಹಿಡಿದು ಕೂತಂತೆ ಆಗಬಾರದು.

ನಾನು ಮೆಕ್ಯಾನಿಕ್ ಅಲ್ಲ. ತಿಪಟೂರಿನ ಕಡೆ ತೆಂಗಿನ ತೋಟವಿದೆ, ಕೊಬ್ಬರಿ ಚೀಲ ಸಾಗಿಸಲು 2021ರಲ್ಲಿ ಇಂಥದ್ದೇ ಹಳೆಯ ಪಿಕಪ್ ಕೊಂಡೆ. ದುಡ್ಡು ಕಳೆದುಕೊಂಡು ಕಲಿತದ್ದನ್ನು ಹೇಳುತ್ತಿದ್ದೇನೆ.

ಮೊದಲು ಚಾಸಿ ನಂಬರ್. ಬಾಗಿಲ ಹತ್ತಿರದ ತಗಡಿನ ಫಲಕವನ್ನು ನಂಬಬೇಡಿ, ಅದನ್ನು ಕಿತ್ತು ಬೇರೆ ಹಾಕಬಹುದು. ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಕಬ್ಬಿಣದ ಮೇಲೆಯೇ ಕೊರೆದಿರುವುದನ್ನು ಹುಡುಕಿ. ನನ್ನ ಗಾಡಿಯಲ್ಲಿ ಅದು ಬಲಗಡೆ ಮುಂದಿನ ಚಕ್ರದ ಹಿಂದೆ, ಒಂದು ಬೆರಳು ದಪ್ಪದ ಮಣ್ಣು ಮತ್ತು ಗ್ರೀಸಿನ ಅಡಿಯಲ್ಲಿತ್ತು. ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರಗಳು ಅಚ್ಚಾಗುತ್ತವೆ. ಒಟ್ಟು 17 ಅಕ್ಷರ ಮತ್ತು ಅಂಕಿಗಳಿರಬೇಕು. ಮಹೀಂದ್ರ ಗಾಡಿಯಾದರೆ 'ಎಂಎ1' ಎಂದು ಶುರುವಾಗುತ್ತದೆ. ಹತ್ತನೆಯ ಅಕ್ಷರ ವರ್ಷವನ್ನು ಹೇಳುತ್ತದೆ: 'ಸಿ' ಆದರೆ 2012, 'ಡಿ' 2013, 'ಇ' 2014. ಮುಂದೆಯೂ ಇದೇ ಸರಣಿ, ಆದರೆ ಒಂದೆಂದು ತಪ್ಪಾಗಿ ಓದಬಾರದೆಂದು 'ಐ' ಬಳಸುವುದಿಲ್ಲ. ಹಾಗಾಗಿ 2017ರ 'ಎಚ್' ಆದ ಮೇಲೆ 2018ಕ್ಕೆ 'ಜೆ'. ನನಗೆ 2013ರ ಗಾಡಿ ಎಂದು ಮಾರಿದ್ದರು, ಕಬ್ಬಿಣ 'ಸಿ' ಎಂದಿತು. ಅದು ಮೋಸವಾಗಿರಲಿಲ್ಲ. ವರ್ಷದ ಕೊನೆಯಲ್ಲಿ ತಯಾರಾಗಿ ಜನವರಿಯಲ್ಲಿ ನೋಂದಣಿಯಾದ ಗಾಡಿ ಅದು. ಒಂದು ವರ್ಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅಕ್ಷರಗಳ ಸುತ್ತ ಗ್ರೈಂಡರ್ ಆಡಿಸಿದ ಗುರುತು ಕಂಡರೆ, ಅಥವಾ ಆರ್‌ಸಿಯಲ್ಲಿರುವುದಕ್ಕೂ ಇದಕ್ಕೂ ತಾಳೆಯಾಗದಿದ್ದರೆ, ಸ್ಪ್ಯಾನರ್ ಕೆಳಗಿಟ್ಟು ನೇರವಾಗಿ ಆರ್‌ಟಿಒ ಕಚೇರಿಗೆ ಹೋಗಿ.

ಇಂಜಿನ್ ನಂಬರನ್ನೂ ಹಾಗೆಯೇ ತಾಳೆ ನೋಡಿ. ಕೆಟ್ಟ ಇಂಜಿನ್ ತೆಗೆದು ಬೇರೆ ಕೂರಿಸುವುದು ಈ ಗಾಡಿಗಳಲ್ಲಿ ಹೊಸದೇನಲ್ಲ, ಆದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು.

ಈಗ ನಿಮ್ಮ ಫಿಲ್ಟರಿನ ಕಥೆ. ಈ ಪಿಕಪ್ಪಿನ ಇಂಜಿನ್ ಅಳತೆ 2523 ಸಿಸಿ ಎಂದು ಕೇಳಿದ ತಕ್ಷಣ ಅಂಗಡಿಯವರು ಕೈಗೆ ಸಿಕ್ಕ ಡಬ್ಬಿ ಕೊಡುತ್ತಾರೆ. ಅದೇ ಸಿಸಿಯಲ್ಲಿ ಹಳೆಯ ಮೆಕ್ಯಾನಿಕಲ್ ಪಂಪಿನ ಇಂಜಿನ್ನೂ ಇದೆ, ಆಮೇಲಿನ ಕಾಮನ್ ರೈಲ್ ಇಂಜಿನ್ನೂ ಇದೆ. ಬಾನೆಟ್ ಎತ್ತಿ ನೋಡಿ. ಡೀಸೆಲ್ ಪಂಪಿನಿಂದ ನಾಲ್ಕು ಸಣ್ಣ ಉಕ್ಕಿನ ಪೈಪುಗಳು ಹೊರಟು, ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಒಂದೊಂದು ನಾಜಲ್‌ಗೆ ನೇರವಾಗಿ ಸೇರಿದ್ದರೆ ಮೆಕ್ಯಾನಿಕಲ್. ಪಂಪಿನಿಂದ ಒಂದು ಪೈಪು ಹೋಗಿ ಉದ್ದನೆಯ ಕೊಳವೆಗೆ ಸೇರಿ, ಅಲ್ಲಿಂದ ನಾಲ್ಕಾಗಿ ಒಡೆದು, ನಾಜಲ್‌ಗಳ ತಲೆಯ ಮೇಲೆ ವೈರಿನ ಸಾಕೆಟ್ ಇದ್ದರೆ ಕಾಮನ್ ರೈಲ್. ಈ ವ್ಯತ್ಯಾಸ ಫಿಲ್ಟರಿಗಷ್ಟೇ ಅಲ್ಲ, ಜೀವಕ್ಕೂ ಸಂಬಂಧಿಸಿದ್ದು. ಕಾಮನ್ ರೈಲಿನ ಕೊಳವೆಯಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಓಡುವ ಇಂಜಿನ್ನಿನಲ್ಲಿ ಅದರ ನಟ್ ಸಡಿಲಿಸಿದರೆ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಹಳೆಯ ಗಾಡಿಯಲ್ಲಿ ಕೈ ಪಳಗಿದವರು ಅಭ್ಯಾಸಬಲದಿಂದ ಸ್ಪ್ಯಾನರ್ ಹಾಕಲು ಹೋದರೆ ತಡೆಯಿರಿ. ನಿಮ್ಮದು ನಿಜವಾಗಿ 2014ರದಾದರೆ ಬಹುಶಃ ಮೆಕ್ಯಾನಿಕಲ್ ಪಂಪೇ ಇರಬೇಕು, ಆದರೂ ಕಣ್ಣಾರೆ ನೋಡಿ.

ಇನ್ನು ಬೆಳಗಿನ ತೊಂದರೆ. ನನ್ನ ಗಾಡಿಯೂ ಹೀಗೆಯೇ ಮಾಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಪಂಪು, ನಾಜಲ್ ಎರಡನ್ನೂ ಬಿಚ್ಚಿ ಸರ್ವಿಸ್ ಮಾಡಿಸಿದರು. ಹನ್ನೊಂದು ಸಾವಿರ ರೂಪಾಯಿ. ಮೂರನೆಯ ಬೆಳಿಗ್ಗೆ ಮತ್ತೆ ಅದೇ ರಾಗ. ಕೊನೆಗೆ ದಾರಿ ತೋರಿಸಿದವರು ನಮ್ಮೂರಿನ ಹಳೆಯ ಟ್ರ್ಯಾಕ್ಟರ್ ಡ್ರೈವರ್. ಅವರು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಗಾಡಿಯನ್ನು ಯಾವ ಮುಖಕ್ಕೆ ನಿಲ್ಲಿಸುತ್ತೀಯಪ್ಪ?"

ನಮ್ಮ ಮನೆಯ ಮುಂದೆ ಇಳಿಜಾರು. ಮೂತಿ ಮೇಲಾಗಿ ನಿಲ್ಲಿಸುತ್ತಿದ್ದೆ. ಅಂದರೆ ಪಂಪು ಮೇಲೆ, ಟ್ಯಾಂಕ್ ಕೆಳಗೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ಎಳೆಯಲಾಗುತ್ತದೆ, ತಳ್ಳುವುದಲ್ಲ. ಆದ್ದರಿಂದ ಅಲ್ಲೆಲ್ಲಾದರೂ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ನೆಲದ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ರಾತ್ರಿಯಿಡೀ ಆ ಗಾಳಿಯ ದಾರಿಯಿಂದಾಗಿ ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಜಾರಿ ಹೋಗುತ್ತದೆ. ಬೆಳಿಗ್ಗೆ ಪಂಪು ಎಳೆಯುವುದು ಬರೀ ಗಾಳಿಯನ್ನು. ಸೆಲ್ಫ್ ಹೊಡೆದು ಹೊಡೆದು ಸ್ವಲ್ಪ ಸ್ವಲ್ಪ ಡೀಸೆಲ್ ಬಂದಾಗ ಅದು ಪೂರ್ತಿ ಉರಿಯದೆ ಬಿಳಿ ಹೊಗೆಯಾಗುತ್ತದೆ.

ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಇದೆ. ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು, ಪೈಪಿಗೆ ಡೀಸೆಲ್ ತುಂಬಿಸುವ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ. ಅದು ಫಿಲ್ಟರಿನ ತಲೆಯ ಮೇಲೆಯೋ ಫೀಡ್ ಪಂಪಿನ ಪಕ್ಕದಲ್ಲೋ ಇರುತ್ತದೆ. ಆಮೇಲೆ ಒಂದೇ ಸೆಲ್ಫಿಗೆ ಎದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ಖಚಿತಪಡಿಸಿಕೊಳ್ಳಲು ಪಂಪಿನ ಒಳಹರಿವಿನ ರಬ್ಬರ್ ಪೈಪಿನ ಜಾಗದಲ್ಲಿ ಗೇಣುದ್ದದ ಪಾರದರ್ಶಕ ಪೈಪ್ ಹಾಕಿ ಇಂಜಿನ್ ಓಡಿಸಿ. ನನ್ನದರಲ್ಲಿ ಜೇನಿನ ಬಣ್ಣದ ಡೀಸೆಲ್ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಓಡುತ್ತಿದ್ದವು. ಆ ಪೈಪನ್ನೇ ಹಂತ ಹಂತವಾಗಿ ಟ್ಯಾಂಕಿನ ಕಡೆಗೆ ಸರಿಸಿ ಹಾಕುತ್ತಾ ಹೋದರೆ ಗುಳ್ಳೆ ನಿಂತ ಜಾಗಕ್ಕೂ ಅದಕ್ಕೆ ಹಿಂದೆ ನೋಡಿದ ಜಾಗಕ್ಕೂ ನಡುವೆ ದೋಷ. ನನಗೆ ಸಿಕ್ಕಿದ್ದು ಚಾಸಿಯ ಪಕ್ಕದ ಒಂದು ರಬ್ಬರ್ ಪೈಪಿನ ತುದಿ. ಹಿಂದಿನ ಮಾಲೀಕರು ಕ್ಲಿಪ್ ಬದಲು ಮನೆ ಕಟ್ಟುವಾಗ ಕಂಬಿಗೆ ಸುತ್ತುವ ಬೈಂಡಿಂಗ್ ವೈರ್ ಬಿಗಿದಿದ್ದರು. ತಂತಿ ರಬ್ಬರನ್ನು ಕತ್ತರಿಸಿತ್ತು. ಎರಡಡಿ ಪೈಪು, ನಾಲ್ಕು ಕ್ಲಿಪ್, ಮುನ್ನೂರು ರೂಪಾಯಿಯ ಒಳಗೆ ಮುಗಿಯಿತು. (ಪಾರದರ್ಶಕ ಪೈಪ್ ಪರೀಕ್ಷೆಗೆ ಮಾತ್ರ, ಹಾಗೆಯೇ ಬಿಡಬೇಡಿ. ಶಾಖಕ್ಕೆ ಸೀಳುತ್ತದೆ.)

ಗುಳ್ಳೆ ಕಾಣದಿದ್ದರೆ ಆಗ ಇಂಜಿನ್ನಿನ ಕಡೆ ನೋಡೋಣ. ಓಡುವಾಗ ಆಯಿಲ್ ಕ್ಯಾಪ್ ತೆಗೆದು ಅದೇ ಬಾಯಿಯ ಮೇಲೆ ಸುಮ್ಮನೆ ತಲೆಕೆಳಗಾಗಿ ಇಡಿ. ಸಣ್ಣಗೆ ಅದುರಿದರೆ ಚಿಂತೆಯಿಲ್ಲ. ಹಾರಿ ಬಿದ್ದು ಬುಸುಬುಸು ಹೊಗೆ ಬಂದರೆ ಅದನ್ನೇ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು, ಪಿಸ್ಟನ್ ರಿಂಗ್ ಸವೆದಿದೆ ಎಂದರ್ಥ. ಸೈಲೆನ್ಸರ್ ಹೊಗೆ ನೀಲಿಯಾದರೆ ಆಯಿಲ್ ಸುಡುತ್ತಿದೆ. ಕಪ್ಪಾದರೆ ಮೊದಲು ಏರ್ ಫಿಲ್ಟರ್ ನೋಡಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಯ ಅಡಿಯ ಪದರ) ಅನುಮಾನ. ನಿಮ್ಮದು ದಿನವಿಡೀ ಚೆನ್ನಾಗಿ ಓಡುವುದರಿಂದ ಇವು ಯಾವುವೂ ಇರಲಾರವು ಎಂದು ನನ್ನ ಊಹೆ.

ರೇಡಿಯೇಟರ್ ಎಂದಾಗ ನೆನಪಾಯಿತು. ಕೋಲಾರದ ಗಾಡಿಯೂ ನಮ್ಮ ಕಡೆಯ ಗಾಡಿಯಂತೆಯೇ ಬೋರ್‌ವೆಲ್ ನೀರು ಕುಡಿದೇ ಬೆಳೆದಿರುತ್ತದೆ. ಒಳಗೆ ಸುಣ್ಣ ಕಟ್ಟಿರುತ್ತದೆ. ಇಂಜಿನ್ ತಣ್ಣಗಿರುವಾಗ ಬಿಚ್ಚಿ ತೊಳೆಸಿ, ಇನ್ನು ಮುಂದೆ ಕೂಲೆಂಟ್ ಹಾಕಿ. ಇಂಜಿನ್, ಗೇರ್, ಹೌಸಿಂಗ್ (ಹಿಂದಿನ ಆಕ್ಸಲಿನ ನಡುವಿನ ಗುಂಡು) ಮೂರರ ಆಯಿಲನ್ನೂ ಬದಲಾಯಿಸಿ. ಹಿಂದಿನವರು ಯಾವಾಗ ಹಾಕಿಸಿದರೆಂದು ಕೇಳುತ್ತಾ ಕೂರುವುದು ವ್ಯರ್ಥ.

ದುಡ್ಡು ಖರ್ಚು ಮಾಡುವುದಿದ್ದರೆ ಬ್ರೇಕಿಗೆ, ಟೈರಿಗೆ ಮಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಮುದ್ರೆ ಇರುತ್ತದೆ. 2316 ಎಂದಿದ್ದರೆ 2016ರ 23ನೆಯ ವಾರದ ಟೈರ್, ಮೇಲಿನ ಹೂವು (ಗೀರುಗಳ ಅಚ್ಚು) ಎಷ್ಟೇ ಚೆನ್ನಾಗಿದ್ದರೂ ಮುದಿಯೇ. ಹಿಂದಿನ ಕಮಾನ್ ಪಟ್ಟಿಗಳಲ್ಲಿ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳಲ್ಲಿ, ಹೊಸದಾಗಿ ಸೇರಿಸಿದ ಪ್ಲೇಟ್ ಕಂಡರೆ ಗಾಡಿ ಹಿಂದೆ ವಿಪರೀತ ಹೊತ್ತಿದೆ. ಆ ಕಮಾನ್ ಕೂತಿರುವ ಬ್ರಾಕೆಟ್ಟಿನ ಸುತ್ತ ಚಾಸಿಯಲ್ಲಿ ಬಿರುಕು, ವೆಲ್ಡಿಂಗ್ ತೇಪೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಆರ್‌ಸಿಯಲ್ಲಿ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಎಷ್ಟು ಹೇರಬಹುದೆಂದು ತಿಳಿಯುತ್ತದೆ. ಅದು 1,200 ಕೆಜಿ ಬಂದರೆ 15 ಕೆಜಿಯ ಟೊಮೇಟೊ ಬಾಕ್ಸ್ 80. ಅದರ ಎರಡರಷ್ಟು ಹೇರಿಕೊಂಡು ಹೋಗುವ ಗಾಡಿಗಳನ್ನು ನೀವೂ ನೋಡಿರುತ್ತೀರಿ.

ಕಾಗದಪತ್ರದ್ದು ಬೇಗ ಹೇಳಿಬಿಡುತ್ತೇನೆ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಮಾರಿದವರ ಸಹಿ ಈಗಲೇ ಪಡೆಯಿರಿ, ಆಮೇಲೆ ಫೋನ್ ಎತ್ತುವುದಿಲ್ಲ. ಸಾಲ ಇದ್ದದ್ದಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35. ವರ್ಗಾವಣೆಗೆ 30 ದಿನ, ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಬೇಕು. ಹಳೆಯ ದಂಡಗಳು ಬಾಕಿ ಇವೆಯೇ ಎಂದು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಿ. ನನಗೆ ಇನ್ಯಾರೋ ಸಿಗ್ನಲ್ ಹಾರಿಸಿದ ಎರಡು ದಂಡ ಬಳುವಳಿಯಾಗಿ ಬಂದವು.

ನಾಳೆ ಬೆಳಿಗ್ಗೆ ಕೈಪಂಪ್ ಒತ್ತಿ ನೋಡಿ. ಎದ್ದಿತೋ ಇಲ್ಲವೋ, ಚಾಸಿಯ ಹತ್ತನೆಯ ಅಕ್ಷರ ಏನು, ಪಂಪಿನಿಂದ ಹೊರಡುವ ಪೈಪು ಒಂದೋ ನಾಲ್ಕೋ, ಇಷ್ಟನ್ನು ಇಲ್ಲಿಯೇ ಬರೆಯಿರಿ. ಯಾವ ಫಿಲ್ಟರ್ ಕೇಳಬೇಕೆಂದು ಆಗ ಹೇಳುತ್ತೇನೆ. ಹತ್ತಿರದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಆದರೆ ಹಳೆಯ ಫಿಲ್ಟರನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.