ಅಂಬಾಸಿಡರ್ ಟೈಮಿಂಗ್: ಡಿಸ್ಟ್ರಿಬ್ಯೂಟರ್ ತಿರುಗಿಸುವ ಮೊದಲು ಪಾಯಿಂಟ್ ಗ್ಯಾಪ್ ನೋಡಿ

ಸಾರ್, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ಬಿಸಿಯಾಗುತ್ತಿತ್ತು, ಪಿಕಪ್ ಇರಲಿಲ್ಲ. ರೇಡಿಯೇಟರ್ ಕ್ಲೀನ್ ಮಾಡಿಸಿದಿರಿ, ಕಾರ್ಬೊರೇಟರ್ ಕಿಟ್ ಹಾಕಿಸಿದಿರಿ. ಆಮೇಲೆ ಮೆಕ್ಯಾನಿಕ್ ಇಂಜಿನ್ ಓಡಿಸಿಕೊಂಡೇ, ಸೌಂಡ್ ಕೇಳಿಕೊಂಡು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಬ್ಬಿ) ತಿರುಗಿಸಿ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಕೂರಿಸಿದ. ಈಗ ಐಡ್ಲಿಂಗ್ ಚೆನ್ನಾಗಿದೆ, ಆದರೆ ಏರಿನಲ್ಲಿ ಡಬ್ಬಿಯೊಳಗೆ ಹುಣಸೆ ಬೀಜ ಅಲ್ಲಾಡಿಸಿದ ಹಾಗೆ ಟಕಟಕ ಶಬ್ದ.

ಮೊದಲು ಆ ಗಾಡಿಯನ್ನು ಘಾಟಿ ಹತ್ತಿಸುವುದು ನಿಲ್ಲಿಸಿ. ಇದೇ ದಾರಿಯಲ್ಲಿ ಹೋಗಿ ನಾನು ಹೆಡ್ ಗ್ಯಾಸ್ಕೆಟ್ ಕಳೆದುಕೊಂಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು.

ಸೌಂಡ್ ಕೇಳಿ ಟೈಮಿಂಗ್ ಇಡುವುದು ಯಾಕೆ ತಪ್ಪು ಅಂದರೆ, ಐಡ್ಲಿಂಗ್‌ನಲ್ಲಿ ಇಂಜಿನ್‌ಗೆ ಲೋಡ್ ಇರುವುದಿಲ್ಲ. ಅಡ್ವಾನ್ಸ್ ಕೊಟ್ಟಷ್ಟೂ, ಅಂದರೆ ಕಿಡಿ ಬೇಗ ಬೀಳಿಸಿದಷ್ಟೂ, ಆರ್‌ಪಿಎಂ ಏರುತ್ತದೆ, ಶಬ್ದ ನಯವಾಗುತ್ತದೆ. ಕೇಳಿದವರಿಗೆ "ಆಹಾ, ಸೆಟ್ ಆಯ್ತು" ಅನ್ನಿಸುತ್ತದೆ. ಅದೇ ಸೆಟ್ಟಿಂಗ್‌ನಲ್ಲಿ ನಾಲ್ಕು ಜನ ಕೂತು ಏರು ಹತ್ತಿದರೆ ನಾಕಿಂಗ್, ಅಂದರೆ ಆ ಟಕಟಕ, ಶುರು. ಮೊದಲು ಬಿಸಿಯಾಗುತ್ತಿದ್ದುದು ಇದಕ್ಕೆ ಉಲ್ಟಾ. ಆಗ ಟೈಮಿಂಗ್ ರಿಟಾರ್ಡ್ ಆಗಿತ್ತು. ಕಿಡಿ ತಡವಾಗಿ ಬಿದ್ದರೆ ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ. ಆ ಬಿಸಿಯೆಲ್ಲ ಹೆಡ್‌ಗೆ, ಅಲ್ಲಿಂದ ನೀರಿಗೆ. ರೇಡಿಯೇಟರ್ ಎಷ್ಟು ತೊಳೆಸಿದರೂ ಅಷ್ಟೇ.

ಹಾಗಾದರೆ ಸರಿಯಿದ್ದ ಟೈಮಿಂಗ್ ತಾನಾಗಿಯೇ ಯಾಕೆ ಹಿಂದೆ ಹೋಯಿತು? ಯಾರೂ ಡಿಸ್ಟ್ರಿಬ್ಯೂಟರ್ ಮುಟ್ಟಿರಲಿಲ್ಲ ಅಲ್ವಾ? ಕಾರಣ ಪಾಯಿಂಟ್, ಡಿಸ್ಟ್ರಿಬ್ಯೂಟರ್ ಒಳಗೆ ಮುಚ್ಚಿ ಬಿಚ್ಚುವ ಸ್ವಿಚ್; ಅದು ಬಿಚ್ಚಿದಾಗ ಕಿಡಿ. ಪಾಯಿಂಟ್‌ನ ಹಿಮ್ಮಡಿ, ಅಂದರೆ ಶಾಫ್ಟ್‌ನ ಉಬ್ಬುಗಳ (ಕ್ಯಾಮ್) ಮೇಲೆ ಉಜ್ಜುವ ಫೈಬರ್ ತುಂಡು, ದಿನಾ ಸವೆಯುತ್ತದೆ. ಅದು ಸವೆದಂತೆ ಗ್ಯಾಪ್ ಕಮ್ಮಿ. ಗ್ಯಾಪ್ ಕಮ್ಮಿಯಾದರೆ ಪಾಯಿಂಟ್ ತಡವಾಗಿ ಬಿಚ್ಚುತ್ತದೆ, ಟೈಮಿಂಗ್ ರಿಟಾರ್ಡ್. ಗ್ಯಾಪ್ ಜಾಸ್ತಿ ಮಾಡಿದರೆ ಅಡ್ವಾನ್ಸ್. ಅಂದ ಮೇಲೆ ಗ್ಯಾಪ್ ಮುಟ್ಟಿದಾಗಲೆಲ್ಲ ಟೈಮಿಂಗ್ ನೋಡಲೇಬೇಕು, ಮತ್ತೆ ಗ್ಯಾಪ್ ನೋಡದೆ ಟೈಮಿಂಗ್ ಮುಟ್ಟಲೇಬಾರದು. ಮೆಕ್ಯಾನಿಕ್‌ಗೆ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಕೇಳಿದರೆ ಬ್ಲೇಡ್ ತೋರಿಸುತ್ತಾರೆ, ಬೀಡಿ ಪ್ಯಾಕೆಟ್ ಕಾಗದ ತೋರಿಸುತ್ತಾರೆ. ದಯವಿಟ್ಟು ಒಪ್ಪಬೇಡಿ. ಗ್ಯಾಪ್ 15 ಥೌ (ಇಂಚಿನ ಸಾವಿರ ಭಾಗದಲ್ಲಿ 15) ಇರಬೇಕು, ಎಂಎಂ ಲೆಕ್ಕದಲ್ಲಿ 0.38. ಹಳೇ ಪಾಯಿಂಟ್‌ನಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಡವೆ ಎದ್ದಿರುತ್ತದೆ. ಅದರಲ್ಲಿ ಗೇಜ್ ಸುಳ್ಳು ಹೇಳುತ್ತದೆ. ಎಮರಿ ಹೊಡೆಯುತ್ತಾ ಕೂರಬೇಡಿ, ಹೊಸದು ಹಾಕಿ.

ಈಗ ಬಲ್ಬ್ ಇಟ್ಟು ಟೈಮಿಂಗ್ ಕೂರಿಸುವುದು. ಟೈಮಿಂಗ್ ಲೈಟ್ ಇಲ್ಲದಿದ್ದರೂ ಪರವಾಗಿಲ್ಲ. 12 ವೋಲ್ಟ್‌ನ ಒಂದು ಸಣ್ಣ ಬಲ್ಬ್, ಎರಡು ವೈರ್ ಸಾಕು. ನಾಲ್ಕೂ ಪ್ಲಗ್ ಬಿಚ್ಚಿ, ಇಂಜಿನ್ ಹಗುರವಾಗಿ ತಿರುಗುತ್ತದೆ. ತಿರುಗಿಸಲು ಸ್ಟಾರ್ಟಿಂಗ್ ಹ್ಯಾಂಡಲ್ ಇದ್ದರೆ ಹ್ಯಾಂಡಲ್, ಇಲ್ಲದಿದ್ದರೆ ಸಮತಟ್ಟು ಜಾಗದಲ್ಲಿ ಟಾಪ್ ಗೇರ್ ಹಾಕಿ ಒಬ್ಬರು ಗಾಡಿ ಮುಂದಕ್ಕೆ ತಳ್ಳಲಿ. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲೆ ಬರಬೇಕು. ಇಲ್ಲಿ ತುಂಬ ಜನ ಎಡವುತ್ತಾರೆ, ಯಾಕೆಂದರೆ ಎಕ್ಸಾಸ್ಟ್ ಸ್ಟ್ರೋಕ್‌ನಲ್ಲೂ ಪಿಸ್ಟನ್ ಮೇಲೇ ಬರುತ್ತದೆ, ಇಂಜಿನ್ ಮುಂದಿನ ಪುಲ್ಲಿಯ ಕಚ್ಚು (ಗುರುತು) ಅದೇ ಜಾಗದಲ್ಲಿ ನಿಲ್ಲುತ್ತದೆ. ಪ್ಲಗ್ ತೂತಿಗೆ ಬೆರಳು ಒತ್ತಿ ಹಿಡಿಯಿರಿ, ಗಾಳಿ ಬೆರಳನ್ನು ತಳ್ಳಬೇಕು. ರಾಕರ್ ಕವರ್ ಬಿಚ್ಚಿದ್ದರೆ ಇನ್ನೂ ಸುಲಭ: ನಾಲ್ಕನೇ ಸಿಲಿಂಡರ್‌ನ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇದ್ದರೆ ಒಂದನೆಯದು ಕಂಪ್ರೆಷನ್‌ನಲ್ಲಿದೆ ಎಂದೇ ಅರ್ಥ.

ಟೈಮಿಂಗ್ ಕವರ್ ಮೇಲಿನ ಉದ್ದ ಮುಳ್ಳು ಟಿಡಿಸಿ, ಅಂದರೆ ಪಿಸ್ಟನ್ ಪೂರ್ತಿ ಮೇಲಿರುವ ಜಾಗ. ಪಕ್ಕದ ಚಿಕ್ಕವು ಅದಕ್ಕಿಂತ 5 ಮತ್ತು 10 ಡಿಗ್ರಿ ಮೊದಲು. ನಾನು ಶುರು ಮಾಡುವುದು 5ರಿಂದ. ಕಚ್ಚು 5ರ ಮುಳ್ಳು ದಾಟಿ ಹೋದರೆ ಸ್ವಲ್ಪ ಹಿಂದೆ ತಂದು ಅಲ್ಲೇ ನಿಲ್ಲಿಸಬೇಡಿ. ಚೈನ್ ಸಡಿಲ ಇರುತ್ತದೆ, ಲೆಕ್ಕ ತಪ್ಪುತ್ತದೆ. ಚೆನ್ನಾಗಿ ಹಿಂದೆ ಹೋಗಿ, ಮತ್ತೆ ಮುಂದೆ ಬಂದು ನಿಲ್ಲಿಸಿ.

ಬಲ್ಬಿನ ಒಂದು ವೈರ್ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವ ತೆಳು ವೈರ್‌ನ ಟರ್ಮಿನಲ್‌ಗೆ, ಇನ್ನೊಂದು ಗಾಡಿಯ ಬಾಡಿಯ ಲೋಹಕ್ಕೆ. ಇಗ್ನಿಷನ್ ಆನ್. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ಬಿಚ್ಚಿದ ಕ್ಷಣ ಹೊತ್ತುತ್ತದೆ. ಡಿಸ್ಟ್ರಿಬ್ಯೂಟರ್ ಕೆಳಗಿನ ಪ್ಲೇಟ್ ಬೋಲ್ಟ್ ಸ್ವಲ್ಪ ಸಡಿಲಿಸಿ. ಈ ಇಂಜಿನ್‌ನಲ್ಲಿ ಮೇಲಿಂದ ನೋಡಿದರೆ ರೋಟರ್ (ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ತೋಳು) ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಡಿಸ್ಟ್ರಿಬ್ಯೂಟರ್ ಬಾಡಿಯನ್ನೂ ಮೊದಲು ಅದೇ ದಿಕ್ಕಿಗೆ ತಿರುಗಿಸಿ ಬಲ್ಬ್ ಆರಿಸಿ. ಆಮೇಲೆ ರೋಟರನ್ನು ಅದು ತಿರುಗುವ ದಿಕ್ಕಿಗೆ ಉಲ್ಟಾ ಮೆಲ್ಲಗೆ ಒತ್ತಿ ಹಿಡಿದು, ಬಾಡಿಯನ್ನು ಗಡಿಯಾರದ ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತನ್ನಿ. ಬಲ್ಬ್ ಹೊತ್ತಿದ ಜಾಗದಲ್ಲಿ ಬೋಲ್ಟ್ ಬಿಗಿ ಮಾಡಿ. ಬಿಗಿ ಮಾಡುವಾಗ ಅದು ಜರುಗುತ್ತದೆ, ಆದ್ದರಿಂದ ಇಂಜಿನ್ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿ. ಮಧ್ಯೆ ಟೀ ಕುಡಿಯಲು ಹೋಗುವುದಿದ್ದರೆ ಇಗ್ನಿಷನ್ ಆಫ್ ಮಾಡಿ ಹೋಗಿ. ಪಾಯಿಂಟ್ ಮುಚ್ಚಿದ್ದಾಗ ಸುಮ್ನೆ ಆನ್ ಬಿಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿದ ಗಾಡಿಗೆ ಈ ಬಲ್ಬ್ ವಿಧಾನ ಬೇಡ. ಅದಕ್ಕೆ ಟೈಮಿಂಗ್ ಲೈಟ್, ಅದೂ ವ್ಯಾಕ್ಯೂಮ್ ಪೈಪ್ ಕಳಚಿ, ಪೈಪ್ ಬಾಯಿ ಮುಚ್ಚಿ, ನಿಧಾನ ಐಡ್ಲಿಂಗ್‌ನಲ್ಲಿ.

ಬಲ್ಬ್ ಕಳಚುವ ಮೊದಲು ಇನ್ನೊಂದು ಪರೀಕ್ಷೆ. ಇದನ್ನು ಯಾವ ಗ್ಯಾರೇಜಿನಲ್ಲೂ ಮಾಡುವುದಿಲ್ಲ. ಇಂಜಿನ್ ಸರಿಯಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಫೈರಿಂಗ್ ಆರ್ಡರ್ 1-3-4-2, ಹಾಗಾಗಿ ಈಗ ನಾಲ್ಕನೆಯದರ ಸರದಿ. ಬಲ್ಬ್ ಅದೇ 5ರ ಮುಳ್ಳಿನ ಹತ್ತಿರವೇ ಹೊತ್ತಬೇಕು. ಒಂದಕ್ಕೆ 5ರಲ್ಲಿ, ನಾಲ್ಕಕ್ಕೆ ಟಿಡಿಸಿ ಹತ್ತಿರ ಹೊತ್ತಿದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್ ಬುಶ್ ಸವೆದಿದೆ ಅಥವಾ ಕ್ಯಾಮ್ ಸವೆದಿದೆ. ಶಾಫ್ಟ್ ಹಿಡಿದು ಅತ್ತಿತ್ತ ಅಲ್ಲಾಡಿಸಿದರೆ ಆಟ ಕೈಗೇ ಗೊತ್ತಾಗುತ್ತದೆ. ಅಂಥದ್ದರಲ್ಲಿ ಯಾವ ದೇವರು ಬಂದರೂ ಟೈಮಿಂಗ್ ನಿಲ್ಲುವುದಿಲ್ಲ. ಲೇತ್‌ನವರ ಹತ್ತಿರ ಬುಶ್ ಹಾಕಿಸಿ, ಹೊಸ ಡಿಸ್ಟ್ರಿಬ್ಯೂಟರ್‌ಗಿಂತ ಅದೇ ಕಮ್ಮಿ ಖರ್ಚು.

ವ್ಯಾಕ್ಯೂಮ್ ಡಬ್ಬಿಯ (ಇಂಜಿನ್ ಎಳೆತಕ್ಕೆ ಅಡ್ವಾನ್ಸ್ ಕೊಡುವ, ಡಿಸ್ಟ್ರಿಬ್ಯೂಟರ್ ಪಕ್ಕದ ಡಬ್ಬಿ) ಪೈಪ್ ಬಾಯಿಗಿಟ್ಟು ಎಳೆದು, ನಾಲಿಗೆಯಿಂದ ಮುಚ್ಚಿ. ಒಳಗಿನ ಪ್ಲೇಟ್ ಜರುಗಿ ಅಲ್ಲೇ ನಿಲ್ಲಬೇಕು. ತಕ್ಷಣ ವಾಪಸ್ ಬಂದರೆ ಡಯಾಫ್ರಾಮ್ ಹರಿದಿದೆ, ಮೈಲೇಜ್ ಅಲ್ಲೇ ಸೋರುತ್ತಿದೆ. ಪ್ಲೇಟ್ ಜರುಗುವಾಗ ಅದರ ಸಣ್ಣ ಹೆಣೆದ ಅರ್ಥ್ ವೈರ್ ನೋಡಿ. ಎಳೆ ಕಿತ್ತಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮಿಸ್ಸಿಂಗ್ ಬರುತ್ತದೆ, ಜನ ಕಾರ್ಬೊರೇಟರ್ ಬಿಚ್ಚುತ್ತಾರೆ. ರೋಟರ್ ತಿರುಚಿ ಬಿಟ್ಟಾಗ ಸ್ಪ್ರಿಂಗ್ ಎಳೆತಕ್ಕೆ ಟಕ್ ಅಂತ ವಾಪಸ್ ಬರಬೇಕು. ಬರದಿದ್ದರೆ ಪ್ಲೇಟ್ ಕೆಳಗಿನ, ವೇಗಕ್ಕೆ ತಕ್ಕ ಅಡ್ವಾನ್ಸ್ ಕೊಡುವ ತೂಕಗಳು ತುಕ್ಕು ಹಿಡಿದಿವೆ, ಒಂದು ಹನಿ ಎಣ್ಣೆ ಬಿಡಿ.

ಪಾರ್ಟ್ಸ್ ವಿಷಯ. ಪಾಯಿಂಟ್ ಲೂಕಾಸ್-ಟಿವಿಎಸ್ ಬಿಟ್ಟು ಬೇರೆ ನಾನು ಹಾಕುವುದಿಲ್ಲ. ಪ್ಲಗ್ ಮೈಕೋ, ಈಗ ಡಬ್ಬಿ ಮೇಲೆ ಬಾಷ್ ಅಂತಿರುತ್ತದೆ, ಗ್ಯಾಪ್ 25 ಥೌ. ಹೆಸರಿಲ್ಲದ ಅಗ್ಗದ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ಬೇಡವೇ ಬೇಡ. ಕೆಲಸ ಮಾಡುತ್ತಿರುವ ಹಳೇ ಕಂಡೆನ್ಸರ್ ಇದ್ದರೆ ಪಾಯಿಂಟ್ ಜೊತೆ ಅದನ್ನೂ ಬಿಸಾಡಬೇಡಿ, ಅದೇ ಚಿನ್ನ. ಹೊಸ ಪಾಯಿಂಟ್ ಹಾಕುವಾಗ ಕ್ಯಾಮ್‌ಗೆ ತೆಳುವಾಗಿ ಗ್ರೀಸ್ ಸವರಿ. ಒಣಗಿದ ಕ್ಯಾಮ್ ಹಿಮ್ಮಡಿಯನ್ನು ಬೇಗ ತಿನ್ನುತ್ತದೆ. ಜಾಸ್ತಿ ಹಾಕಿದರೆ ಸಿಡಿದು ಪಾಯಿಂಟ್ ಮೇಲೆ ಬೀಳುತ್ತದೆ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಗ್ಯಾಪ್ ಮತ್ತೊಮ್ಮೆ ನೋಡಿ, ಹೊಸ ಹಿಮ್ಮಡಿ ಮೊದಲಲ್ಲೇ ಜಾಸ್ತಿ ಕೂರುತ್ತದೆ.

ಟ್ಯಾಪೆಟ್ (ವಾಲ್ವ್ ಮತ್ತು ರಾಕರ್ ನಡುವಿನ ಸಂದು) ಬಿಗಿಯಾಗಿದ್ದರೂ ಏರಿನಲ್ಲಿ ಎಳೆಯುವುದಿಲ್ಲ. ರಾಕರ್ ಕವರ್ ಬಿಚ್ಚಿದಾಗಲೇ ಮುಗಿಸಿಬಿಡಿ. ಒಂಬತ್ತರ ಲೆಕ್ಕ ನೆನಪಿರಲಿ: ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದರ ಸಂದು ನೋಡಿ, ಆರು ತೆರೆದಾಗ ಮೂರು, ಹೀಗೆ ಎರಡೂ ಕೂಡಿ ಒಂಬತ್ತು.

ಕೊನೆಗೆ ರೋಡ್ ಟೆಸ್ಟ್. ಇಂಜಿನ್ ಬಿಸಿಯಾದ ಮೇಲೆ ಟಾಪ್ ಗೇರ್‌ನಲ್ಲಿ 40 ಕಿಮೀ ವೇಗದ ಸುಮಾರಿಗೆ ಪೂರ್ತಿ ಆಕ್ಸಿಲರೇಟರ್ ಕೊಡಿ. ಒಂದು ಕ್ಷಣ ಟಿಕ್ ಅಂದು ನಿಂತರೆ ಸರಿ. ನಿಲ್ಲದಿದ್ದರೆ ರಿಟಾರ್ಡ್ ಮಾಡಿ. ನಿಮ್ಮದರಲ್ಲಿ ವ್ಯಾಕ್ಯೂಮ್ ಡಬ್ಬಿ ಪಕ್ಕ ಎ, ಆರ್ ಗುರುತಿನ ಸಣ್ಣ ನಟ್ ಇದ್ದರೆ ಬೋಲ್ಟ್ ಮುಟ್ಟಬೇಡಿ, ಆರ್ ಕಡೆಗೆ ತಿರುಗಿಸಿ. ಹನ್ನೊಂದು ಕ್ಲಿಕ್‌ಗೆ ಸುಮಾರು ಒಂದು ಡಿಗ್ರಿ. ಈಗಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್‌ನಲ್ಲಿ ಮಿಕ್ಸ್ಚರ್ ಸ್ವಲ್ಪ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿ) ಆಗುತ್ತದೆ, ಅದೂ ಬಿಸಿ ಏರಿಸುತ್ತದೆ. ಆದ್ದರಿಂದ ಪ್ಲಗ್ ಬಣ್ಣ ನೋಡಿ, ಬಿಳಿ ಬೂದಿ ಥರ ಇದ್ದರೆ ಕಾರ್ಬೊರೇಟರ್ ಮತ್ತೆ ನೋಡಬೇಕು. ಹಳೇ ರಬ್ಬರ್ ಪೆಟ್ರೋಲ್ ಪೈಪ್ ಕೈಗೆ ಅಂಟುವಂತೆ ಮೆತ್ತಗಾಗಿದ್ದರೆ ಇವತ್ತೇ ಬದಲಿಸಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇದೆ.

ಸದ್ಯಕ್ಕೆ ಗ್ಯಾಪ್ ಎಷ್ಟಿದೆ, ಒಂದಕ್ಕೆ ಮತ್ತು ನಾಲ್ಕಕ್ಕೆ ಬಲ್ಬ್ ಎಲ್ಲೆಲ್ಲಿ ಹೊತ್ತಿತು, ಇಷ್ಟು ಬರೆಯಿರಿ. ಬುಶ್ ಹಾಕಿಸಬೇಕೋ ಬೇಡವೋ ಆಮೇಲೆ ಹೇಳುತ್ತೇನೆ.