ಸೌತ್‌ವೆಸ್ಟ್ ವಿಮಾನದಲ್ಲಿ ಸೀಟ್ ನಂಬರೇ ಇರುವುದಿಲ್ಲವಂತೆ, ಹತ್ತುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಡಲ್ಲಾಸ್‌ನಿಂದ ಡೆನ್ವರ್‌ಗೆ ಅಮೆರಿಕದ ಸೌತ್‌ವೆಸ್ಟ್ ಕಂಪನಿಯ ವಿಮಾನದಲ್ಲಿ ಹೋಗಬೇಕು. ನೀವಿಬ್ಬರು, 4 ವರ್ಷದ ಮಗಳು, ಜೊತೆಗೆ ನಿಮ್ಮ ಅಪ್ಪ ಅಮ್ಮ. ಅಲ್ಲಿ ಸೀಟ್ ನಂಬರ್ ಕೊಡುವುದಿಲ್ಲ, ಎ, ಬಿ, ಸಿ ಅಂತ ಸಾಲು ನಿಲ್ಲಿಸುತ್ತಾರೆ, ಮೊದಲು ಹತ್ತಿದವರಿಗೆ ಒಳ್ಳೆ ಸೀಟು ಅಂತ ಸ್ನೇಹಿತರು ಹೇಳಿದ್ದಾರೆ. 24 ಗಂಟೆ ಮುಂಚೆ ಅಲಾರಂ ಇಟ್ಟುಕೊಂಡು ಚೆಕ್-ಇನ್ ಮಾಡಬೇಕಾ, ಮಗಳು ಒಂದು ಕಡೆ ನಾವೊಂದು ಕಡೆ ಆಗಿಬಿಟ್ಟರೆ ಏನು ಮಾಡೋದು ಅಂತ ಕೇಳಿದ್ದೀರಿ.

ಸ್ನೇಹಿತರು ಹೇಳಿದ್ದು ಸುಳ್ಳಲ್ಲ, ಆದರೆ ಹಳೆಯದು. 2026ರ ಜನವರಿ 27ರಿಂದ ಸೌತ್‌ವೆಸ್ಟ್‌ನಲ್ಲಿ ಎಲ್ಲರಿಗೂ ಸೀಟ್ ನಂಬರ್ ಇದೆ. ಎ, ಬಿ, ಸಿ ಸಾಲುಗಳು ಹೋದವು. ಈಗ ಹತ್ತಿಸುವುದು 1ರಿಂದ 8ರವರೆಗಿನ ಗುಂಪುಗಳಲ್ಲಿ. ಹಾಗಾಗಿ ಒಳ್ಳೆ ಸೀಟಿಗೋಸ್ಕರ ಅಲಾರಂ ಇಡುವ ಕಾಲ ಮುಗಿಯಿತು. ಈಗ ನಿಮ್ಮ ಸೀಟು ನಿರ್ಧಾರವಾಗುವುದು ಟಿಕೆಟ್ ಕೊಳ್ಳುವಾಗ. ನೀವು ಜಾಸ್ತಿ ಗಮನ ಕೊಡಬೇಕಾದ್ದೂ ಅಲ್ಲೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹಳೆಯ ಸಲಹೆ ನಂಬಿಕೊಂಡವರು ಎಲ್ಲಕ್ಕಿಂತ ಅಗ್ಗದ ಟಿಕೆಟ್ ಕೊಂಡುಬಿಡುತ್ತಾರೆ. ಚೆಕ್-ಇನ್ ಬೇಗ ಮಾಡಿದರೆ ಸಾಕು, ಒಟ್ಟಿಗೆ ಕೂರಬಹುದು ಅಂದುಕೊಳ್ಳುತ್ತಾರೆ. ಮೊದಲು ಅದು ನಿಜವಾಗಿತ್ತು. ಈಗ ಆ ಅಗ್ಗದ ಟಿಕೆಟ್‌ನಲ್ಲಿ ಸೀಟು ಆರಿಸಿಕೊಳ್ಳುವ ಹಕ್ಕೇ ಇಲ್ಲ.

ಹಳೆಯ ಪದ್ಧತಿ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ. ನಿಮಗೆ ಸಿಗುವ ಸಲಹೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಕಾಲದವೇ ಇರುತ್ತವೆ. ಯಾವುದನ್ನು ಬಿಡಬೇಕು ಅಂತ ಗೊತ್ತಾಗಬೇಕಲ್ವಾ?

ಸೌತ್‌ವೆಸ್ಟ್ ಹಾರಾಟ ಶುರು ಮಾಡಿದ್ದು 1971ರ ಜೂನ್ 18ರಂದು. ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೆ ಮತ್ತು ಸ್ಯಾನ್ ಆಂಟೋನಿಯೋಗೆ. ಮರುವರ್ಷವೇ ದುಡ್ಡಿನ ಮುಗ್ಗಟ್ಟಿನಲ್ಲಿ ಇದ್ದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ನಾಲ್ಕು ವಿಮಾನದ ಕೆಲಸವನ್ನು ಮೂರರಲ್ಲೇ ಮಾಡಬೇಕು ಅಂದರೆ ವಿಮಾನ ನೆಲದ ಮೇಲೆ ನಿಲ್ಲುವ ಹೊತ್ತು ಕಡಿಮೆಯಾಗಬೇಕು. ಬಂದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಕಳಿಸುವ ಅವರ ಹೆಸರುವಾಸಿ ಪದ್ಧತಿ ಹುಟ್ಟಿದ್ದು ಹಾಗೆ. ಸೀಟ್ ನಂಬರ್ ಇಲ್ಲದಿರುವುದು ಅದಕ್ಕೆ ಅನುಕೂಲವಾಗಿತ್ತು. 'ಇದು ನನ್ನ ಸೀಟು, ಏಳಿ' ಅನ್ನುವ ಮಾತೇ ಬರುವುದಿಲ್ಲ. ಖಾಲಿ ಕಂಡಲ್ಲಿ ಕೂತರೆ ಆಯಿತು.

ನಾನು ಆ ಪದ್ಧತಿಯಲ್ಲಿ ಬಹಳ ಸಲ ಓಡಾಡಿದ್ದೇನೆ. 2007ರಿಂದ ಬೋರ್ಡಿಂಗ್ ಪಾಸ್‌ನಲ್ಲಿ ಅಕ್ಷರದ ಜೊತೆ ಒಂದು ಅಂಕಿಯೂ ಬರುತ್ತಿತ್ತು. ಎ 1ರಿಂದ 60, ಆಮೇಲೆ ಬಿ 1ರಿಂದ 60, ಉಳಿದವರು ಸಿ. ಅವರ ದೊಡ್ಡ ವಿಮಾನದಲ್ಲಿ 175 ಸೀಟು. ಅಂದರೆ ಸಿ 30 ಅಂತ ಬಂದರೆ ನಿಮಗಿಂತ ಮೊದಲು ಒಳಗೆ ಹೋಗುವವರು ಹತ್ತಿರ ಹತ್ತಿರ 150 ಜನ. ಗೇಟ್ ಪಕ್ಕ ಅಂಕಿ ಬರೆದ ಕಂಬಗಳು. ಒಂದೊಂದು ಕಂಬದ ಹತ್ತಿರ ಐದೈದು ಜನ. ಅಕ್ಕಪಕ್ಕದವರು ತಂತಮ್ಮ ನಂಬರ್ ತೋರಿಸಿಕೊಂಡು ಹಿಂದೆ ಮುಂದೆ ಸರಿದು ನಿಲ್ಲುತ್ತಿದ್ದರು. ಗುರುತು ಪರಿಚಯ ಇಲ್ಲದವರು ಜಗಳವಿಲ್ಲದೆ ತಾವೇ ಸಾಲು ಸರಿಮಾಡಿಕೊಳ್ಳುವುದನ್ನು ನೋಡುವುದು ನನಗೆ ತುಂಬ ಇಷ್ಟವಾಗುತ್ತಿತ್ತು.

ಆ ಅಂಕಿ ಸಿಗುತ್ತಿದ್ದದ್ದು ಚೆಕ್-ಇನ್ ಮಾಡಿದ ಹೊತ್ತಿನ ಮೇಲೆ. ಹೊರಡುವ ಸಮಯಕ್ಕೆ ಸರಿಯಾಗಿ 24 ಗಂಟೆ ಮುಂಚೆ ಚೆಕ್-ಇನ್ ತೆರೆಯುತ್ತಿತ್ತು. ಹಾಗಾಗಿಯೇ ಅಲಾರಂ. ಒಂದು ಸಲ ನಾನು ಮರೆತು ಸಂಜೆ ಮಾಡಿದೆ. ಸಿ ಸಾಲು ಬಂತು. ಒಳಗೆ ಹೋಗುವ ಹೊತ್ತಿಗೆ ಉಳಿದಿದ್ದವೆಲ್ಲ ನಡುವಿನ ಸೀಟುಗಳು. ನಾನು 8ನೇ ಸಾಲಿನಲ್ಲಿ, ನನ್ನ ಹೆಂಡತಿ 21ನೇ ಸಾಲಿನಲ್ಲಿ. ದುಡ್ಡು ಕೊಟ್ಟರೆ 36 ಗಂಟೆ ಮುಂಚೆಯೇ ತಾನಾಗಿ ಚೆಕ್-ಇನ್ ಆಗುವ ಅರ್ಲಿಬರ್ಡ್ ಅನ್ನುವ ಸೌಲಭ್ಯವೂ ಇತ್ತು. 6 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿದ್ದವರನ್ನು ಎ ಮತ್ತು ಬಿ ನಡುವೆ ಒಳಗೆ ಬಿಡುತ್ತಿದ್ದರು. ಯಾರಾದರೂ 'ಅರ್ಲಿಬರ್ಡ್ ತಗೊಳ್ಳಿ' ಅಥವಾ 'ಎ ಸಾಲು ಆದಮೇಲೆ ಮಗು ಎತ್ತಿಕೊಂಡು ಹೋಗಿ' ಅಂದರೆ ಅದು ಈ ಹಳೆಯ ಕಾಲದ ಮಾತು ಅಂತ ತಿಳಿಯಿರಿ.

ಯಾಕೆ ಬದಲಾಯಿಸಿದರು? 2024ರ ಜುಲೈನಲ್ಲಿ ಕಂಪನಿ ಇದನ್ನು ಪ್ರಕಟಿಸಿದಾಗ, ತಮ್ಮ ಗ್ರಾಹಕರಲ್ಲಿ 80 ಶೇಕಡಾ ಮಂದಿಗೆ ಸೀಟ್ ನಂಬರ್ ಬೇಕಾಗಿದೆ ಅಂತ ಹೇಳಿತು. ಕಾಲು ಚಾಚಲು ಜಾಸ್ತಿ ಜಾಗವಿರುವ ಸೀಟುಗಳನ್ನು ಹೆಚ್ಚಿನ ಬೆಲೆಗೆ ಮಾರಬೇಕಾದರೂ ಸೀಟಿಗೆ ನಂಬರ್ ಬೇಕೇ ಬೇಕು. ಯುರೋಪಿನ ಈಸಿಜೆಟ್ 2012ರಲ್ಲಿ, ರಯಾನ್‌ಏರ್ 2014ರಲ್ಲಿ ಇದೇ ದಾರಿ ಹಿಡಿದಿದ್ದವು. ನನಗೆ ಹಳೆಯ ಪದ್ಧತಿ ಹೋದದ್ದಕ್ಕೆ ಸ್ವಲ್ಪ ಬೇಸರವಿದೆ. ಆದರೆ ವಯಸ್ಸಾದವರು, ಮಗು ಇರುವ ನಿಮ್ಮಂಥ ಕುಟುಂಬಕ್ಕೆ ಹೊಸದೇ ಒಳ್ಳೆಯದು ಅಂತ ಒಪ್ಪುತ್ತೇನೆ.

ಈಗ ನಿಮ್ಮ ಟಿಕೆಟ್ ವಿಚಾರ. ಇದನ್ನು ನಿಧಾನವಾಗಿ ಓದಿ.

ಟಿಕೆಟ್‌ನಲ್ಲಿ ನಾಲ್ಕು ದರ್ಜೆ ಇವೆ: ಬೇಸಿಕ್, ಚಾಯ್ಸ್, ಚಾಯ್ಸ್ ಪ್ರಿಫರ್ಡ್, ಚಾಯ್ಸ್ ಎಕ್ಸ್‌ಟ್ರಾ. ಸೀಟಿನಲ್ಲಿ ಮೂರು ಬಗೆ: ಸ್ಟ್ಯಾಂಡರ್ಡ್, ಪ್ರಿಫರ್ಡ್, ಎಕ್ಸ್‌ಟ್ರಾ ಲೆಗ್‌ರೂಮ್. ಬೇಸಿಕ್ ಕೊಂಡರೆ ಚೆಕ್-ಇನ್ ಹೊತ್ತಿಗೆ ಅವರೇ ಒಂದು ಸ್ಟ್ಯಾಂಡರ್ಡ್ ಸೀಟು ಕೊಡುತ್ತಾರೆ. ಚಾಯ್ಸ್ ಕೊಂಡರೆ ಬುಕ್ ಮಾಡುವಾಗಲೇ ಸ್ಟ್ಯಾಂಡರ್ಡ್ ಸೀಟುಗಳಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಚಾಯ್ಸ್ ಪ್ರಿಫರ್ಡ್‌ನಲ್ಲಿ ಮುಂದಿನ ಸೀಟುಗಳೂ, ಚಾಯ್ಸ್ ಎಕ್ಸ್‌ಟ್ರಾದಲ್ಲಿ ಕಾಲಿಗೆ ಜಾಸ್ತಿ ಜಾಗದ ಸೀಟುಗಳೂ ಸಿಗುತ್ತವೆ. ಪದೇಪದೇ ಹಾರುವ ಎ-ಲಿಸ್ಟ್ ಸದಸ್ಯರಿಗೆ, ಅವರ ಕ್ರೆಡಿಟ್ ಕಾರ್ಡ್ ಇರುವವರಿಗೆ ಬೇರೆ ಸವಲತ್ತುಗಳಿವೆ. ನಿಮಗೆ ಅದು ಅನ್ವಯಿಸುವುದಿಲ್ಲ ಅಂದುಕೊಂಡು ಹೇಳುತ್ತಿದ್ದೇನೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಐದು ಜನಕ್ಕೂ ಒಂದೇ ಬುಕಿಂಗ್‌ನಲ್ಲಿ ಚಾಯ್ಸ್ ಕೊಳ್ಳುತ್ತೇನೆ. ಪ್ರಿಫರ್ಡ್ ಬೇಕಾಗಿಲ್ಲ. ಅದರಲ್ಲಿ ಮುಖ್ಯವಾಗಿ ಸಿಗುವುದು ವಿಮಾನದ ಮುಂಭಾಗದಲ್ಲಿ ಜಾಗ. ಬೇಗ ಇಳಿಯಬಹುದು, ಅಷ್ಟೇ. ಡೆನ್ವರ್‌ನಲ್ಲಿ ಇನ್ನೊಂದು ವಿಮಾನ ಹಿಡಿಯುವ ಅವಸರ ಇಲ್ಲದಿದ್ದರೆ ಅದಕ್ಕೆ ದುಡ್ಡು ಯಾಕೆ? ಟಿಕೆಟ್ ಈಗಾಗಲೇ ಕೊಂಡಿದ್ದರೆ ಇವತ್ತೇ ಅದರಲ್ಲಿ ಯಾವ ದರ್ಜೆ ಬರೆದಿದೆ ನೋಡಿ. ಬೇಸಿಕ್ ಅಂತ ಇದ್ದರೆ ಹೊರಡುವ ದಿನದವರೆಗೆ ಕಾಯಬೇಡಿ. ಈಗಲೇ ಫೋನ್ ಮಾಡಿ, 4 ವರ್ಷದ ಮಗು ಇದೆ ಅಂತ ತಿಳಿಸಿ, ಏನು ದಾರಿ ಇದೆ ಕೇಳಿ. ಬೇಸಿಕ್‌ನವರು ಮಾತ್ರ ಈಗಲೂ 24 ಗಂಟೆಗೆ ಸರಿಯಾಗಿ ಚೆಕ್-ಇನ್ ಮಾಡುವುದು ಒಳ್ಳೆಯದು. ಎಲ್ಲಿ ಸೀಟು ಬಂತು ಅಂತ ಆಗಲೇ ಗೊತ್ತಾಗುತ್ತದೆ. ಸರಿಪಡಿಸಿಕೊಳ್ಳಲು ಒಂದು ದಿನ ಸಿಗುತ್ತದೆ.

ಸೀಟು ಆರಿಸುವಾಗ ಒಂದು ವಿಷಯ ನೆನಪಿಡಿ. ಸೌತ್‌ವೆಸ್ಟ್ ಬಳಿ ಇರುವುದೆಲ್ಲ ಬೋಯಿಂಗ್ 737. ನಡುವೆ ಒಂದೇ ದಾರಿ, ಆಚೆ ಮೂರು ಈಚೆ ಮೂರು ಸೀಟು. ಎ ಮತ್ತು ಎಫ್ ಕಿಟಕಿ, ಬಿ ಮತ್ತು ಇ ನಡುವಿನವು, ಸಿ ಮತ್ತು ಡಿ ದಾರಿ ಪಕ್ಕದವು. ನಿಮ್ಮ ಐದು ಜನಕ್ಕೆ ಒಂದೇ ಸಾಲು ಚೆನ್ನಾಗಿ ಹೊಂದುತ್ತದೆ. ಮಗಳು ಕಿಟಕಿಗೆ, ಪಕ್ಕ ನಿಮ್ಮಲ್ಲೊಬ್ಬರು, ದಾರಿ ಪಕ್ಕ ಇನ್ನೊಬ್ಬರು. ದಾರಿಯ ಆಚೆಗೆ ಡಿ, ಇ ಸೀಟುಗಳಲ್ಲಿ ಅಪ್ಪ ಅಮ್ಮ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ರಾತ್ರಿ ಪದೇಪದೇ ಏಳುವ ಅಭ್ಯಾಸ ಇದ್ದವರನ್ನು ಡಿಯಲ್ಲೇ ಕೂರಿಸಿ. ಮಗಳಿಗೆ ಕಾರ್ ಸೀಟ್ ಒಯ್ಯುವುದಾದರೆ ಅದನ್ನು ಸಾಮಾನ್ಯವಾಗಿ ಕಿಟಕಿ ಪಕ್ಕದಲ್ಲೇ ಇಡಿಸುತ್ತಾರೆ, ಬೇರೆಯವರು ಹೊರಬರಲು ಅಡ್ಡಿಯಾಗಬಾರದು ಅಂತ.

ಅಪ್ಪನಿಗೆ ಮಂಡಿ ನೋವು, ಕಾಲು ಚಾಚುವ ಸೀಟು ಕೊಡಿಸೋಣ ಅಂತ ಅನ್ನಿಸಬಹುದು. ಒಳ್ಳೆಯ ಯೋಚನೆಯೇ. ಆದರೆ ಆ ಸೀಟುಗಳಲ್ಲಿ ಕೆಲವು ತುರ್ತು ಬಾಗಿಲಿನ ಸಾಲಿನಲ್ಲಿರುತ್ತವೆ. ಅಲ್ಲಿ ಕೂರಲು ಅಮೆರಿಕದ ಕಾನೂನಿನಲ್ಲೇ ಷರತ್ತುಗಳಿವೆ. 15 ವರ್ಷ ತುಂಬಿರಬೇಕು. ಸಿಬ್ಬಂದಿ ಬಾಯಿಮಾತಲ್ಲಿ ಹೇಳುವ ಸೂಚನೆ ಅರ್ಥವಾಗಬೇಕು. ಬಾಗಿಲು ತೆಗೆಯುವ ಶಕ್ತಿ ಇರಬೇಕು. ಸಹಾಯ ಮಾಡಲು ಒಪ್ಪುತ್ತೀರಾ ಅಂತ ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಇಂಗ್ಲಿಷ್ ಸರಿಯಾಗಿ ಬಾರದ ಹಿರಿಯರು ಏನು ಕೇಳಿದರು ಅಂತ ತಿಳಿಯದೆ ಗಾಬರಿಯಾಗುತ್ತಾರೆ. ಕೊನೇ ಗಳಿಗೆಯಲ್ಲಿ ಎಬ್ಬಿಸಿ ಬೇರೆ ಕಡೆ ಕಳಿಸಿದರೆ ಬೇಜಾರು. ಜಾಸ್ತಿ ಜಾಗ ಬೇಕೇ ಬೇಕು ಅಂದರೆ ಮುಂಭಾಗದ ಸಾಲುಗಳಲ್ಲಿ ನೋಡಿ.

ಇನ್ನು ಹತ್ತುವ ಕ್ರಮ. ಬೋರ್ಡಿಂಗ್ ಪಾಸ್‌ನಲ್ಲಿ ಸೀಟ್ ನಂಬರ್ ಬೇರೆ, ಗುಂಪಿನ ನಂಬರ್ ಬೇರೆ. 12ಸಿ ಅಂತ ಇದ್ದರೆ ಅದು ಸೀಟು. 6 ಅಂತ ಇದ್ದರೆ ಗುಂಪು. ಮೊದಲ ಸಲ ಹೋಗುವವರು ಇವೆರಡನ್ನು ಕಲಸಿಕೊಳ್ಳುವುದು ಜಾಸ್ತಿ. ಕಾಲಿಗೆ ಜಾಸ್ತಿ ಜಾಗದ ಸೀಟು ಕೊಂಡವರು ಮೊದಲ ಗುಂಪುಗಳಲ್ಲಿ, ಅಗ್ಗದ ಟಿಕೆಟ್‌ನವರು ಕೊನೆಯವುಗಳಲ್ಲಿ. ನಿಮ್ಮ ಸೀಟು ನಿಮ್ಮದೇ, ಯಾವ ಗುಂಪಿನಲ್ಲಿ ಹೋದರೂ ಯಾರೂ ಕಿತ್ತುಕೊಳ್ಳುವುದಿಲ್ಲ. ಮೊದಲು ಹೋದವರಿಗೆ ಇರುವ ಒಂದೇ ಲಾಭ ತಲೆ ಮೇಲಿನ ಗೂಡಿನಲ್ಲಿ ಬ್ಯಾಗಿಗೆ ಜಾಗ.

ಈ ಗೂಡಿನ ವಿಷಯ ಮೊದಲಿಗಿಂತ ಈಗ ದೊಡ್ಡದು. 2025ರ ಮೇ 28ರವರೆಗೆ ಸೌತ್‌ವೆಸ್ಟ್‌ನಲ್ಲಿ ಎರಡು ದೊಡ್ಡ ಪೆಟ್ಟಿಗೆ ಪುಕ್ಕಟೆ. ಆ ದಿನದಿಂದ ಮಾಡಿದ ಬುಕಿಂಗ್‌ಗಳಲ್ಲಿ ಹೆಚ್ಚಿನ ಪ್ರಯಾಣಿಕರಿಗೆ ಮೊದಲ ಪೆಟ್ಟಿಗೆಗೆ 35 ಡಾಲರ್, ಎರಡನೆಯದಕ್ಕೆ 45 ಡಾಲರ್ ಅಂತ ಶುರು ಮಾಡಿದರು. ಇವತ್ತಿನ ದರ ಎಷ್ಟು ಅಂತ ಬುಕ್ ಮಾಡುವಾಗ ನೋಡಿಕೊಳ್ಳಿ. ದುಡ್ಡು ಕೊಡಬೇಕು ಅಂದಮೇಲೆ ಜನ ಸಾಮಾನನ್ನೆಲ್ಲ ಒಳಗೇ ತರುತ್ತಾರೆ. ಗೂಡುಗಳು ಬೇಗ ತುಂಬುತ್ತವೆ. ತುಂಬಿದ ಮೇಲೆ ಬಂದವರ ಬ್ಯಾಗನ್ನು ಗೇಟ್‌ನಲ್ಲೇ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಹತ್ತುವಾಗ ತಡವಾಗುವುದೂ ಹೆಚ್ಚಾಗಿ ಬ್ಯಾಗಿನಿಂದಲೇ. ಜೇಸನ್ ಸ್ಟೆಫೆನ್ ಅನ್ನುವ ಭೌತವಿಜ್ಞಾನಿ 2008ರಲ್ಲಿ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಒಬ್ಬರು ಬ್ಯಾಗ್ ಇಡುವಾಗ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ. ಒಂದೇ ಹೊತ್ತಿಗೆ ಬೇರೆ ಬೇರೆ ಸಾಲಿನಲ್ಲಿ ಹಲವರು ಬ್ಯಾಗ್ ಇಡುವಂತೆ ಮಾಡಿದರೆ ಬೇಗ ಮುಗಿಯುತ್ತದೆ ಅಂತ.

ಅದಕ್ಕೇ ನಿಮಗೆ ನನ್ನ ಸಲಹೆ ಹೀಗೆ. ಪ್ರತಿಯೊಬ್ಬರಿಗೂ ಒಂದು ಕ್ಯಾಬಿನ್ ಬ್ಯಾಗ್, ಜೊತೆಗೆ ಮುಂದಿನ ಸೀಟಿನ ಕೆಳಗೆ ಹಿಡಿಸುವ ಒಂದು ಸಣ್ಣ ಬ್ಯಾಗ್ ಒಯ್ಯಬಹುದು. ಕ್ಯಾಬಿನ್ ಬ್ಯಾಗಿನ ಮಿತಿ 24, 16, 10 ಇಂಚು, ಚಕ್ರ ಹಿಡಿ ಸೇರಿ. ಅಪ್ಪ ಅಮ್ಮನ ಮಾತ್ರೆ, ಪಾಸ್‌ಪೋರ್ಟ್, ಕನ್ನಡಕ, ಮಗಳ ಒಂದು ಜೊತೆ ಬಟ್ಟೆ ಎಲ್ಲವೂ ಆ ಸಣ್ಣ ಬ್ಯಾಗಿನಲ್ಲೇ ಇರಲಿ. ಅದನ್ನು ಯಾರೂ ಕೇಳುವುದಿಲ್ಲ. ಪವರ್ ಬ್ಯಾಂಕ್ ಕೂಡ ಅದರಲ್ಲೇ. ಗೇಟ್‌ನಲ್ಲಿ ಬ್ಯಾಗ್ ಇಸಿದುಕೊಂಡರೆ ಅದರೊಳಗಿನ ಪವರ್ ಬ್ಯಾಂಕನ್ನು ತೆಗೆದು ಕೈಯಲ್ಲಿ ಒಯ್ಯಲೇಬೇಕು, ಅದು ನಿಯಮ. ಸೌತ್‌ವೆಸ್ಟ್‌ನಲ್ಲಂತೂ ಒಳಗೆ ಬಳಸುವಾಗ ಪವರ್ ಬ್ಯಾಂಕ್ ಕಣ್ಣಿಗೆ ಕಾಣುವ ಹಾಗೆ ಹೊರಗಿರಬೇಕು. ಬ್ಯಾಗ್ ಇಡಲು ನಿಮ್ಮ ಸೀಟಿಗಿಂತ ಮುಂದಿನ ಗೂಡಿನಲ್ಲಿ ಜಾಗ ಕಂಡರೆ ಅಲ್ಲೇ ಇಟ್ಟುಬಿಡಿ. ಹಿಂದಿನ ಸಾಲಿನಲ್ಲಿ ಇಟ್ಟರೆ ಇಳಿಯುವಾಗ ಎಲ್ಲರೂ ಹೋಗುವವರೆಗೆ ಕಾಯಬೇಕು.

ಅಮ್ಮ ಅಪ್ಪ ನಡೆಯಲು ಕಷ್ಟಪಡುವವರಾದರೆ ವೀಲ್‌ಚೇರ್ ಕೇಳಲು ಸಂಕೋಚ ಬೇಡ. ಅದಕ್ಕೆ ದುಡ್ಡಿಲ್ಲ, ಅಮೆರಿಕದ ಕಾನೂನೇ ಹಾಗೆ ಹೇಳುತ್ತದೆ. ಬುಕಿಂಗ್‌ನಲ್ಲೇ ಕೇಳಿಕೊಳ್ಳಬಹುದು. ಕಾಲು ಸರಿಯಿಲ್ಲದೆ ನಿಧಾನವಾಗಿ ಹತ್ತಬೇಕಾದವರನ್ನು 1ನೇ ಗುಂಪಿಗಿಂತ ಮೊದಲೇ ಒಳಗೆ ಬಿಡುತ್ತಾರೆ. ಆದರೆ ನೀವಾಗಿಯೇ ಗೇಟ್‌ನಲ್ಲಿರುವ ಸಿಬ್ಬಂದಿಗೆ ಹೇಳಬೇಕು. ಅಲ್ಲಿಗೆ ಹೋದ ಕೂಡಲೇ ಹೇಳಿ, ಸಾಲು ಶುರುವಾದ ಮೇಲಲ್ಲ. ಅದೇ ಹೊತ್ತಿಗೆ ಮಗಳ ವಿಷಯವನ್ನೂ ತಿಳಿಸಿ, ಯಾವಾಗ ಬರಬೇಕು ಅಂತ ಕೇಳಿಕೊಳ್ಳಿ.

ಬೋರ್ಡಿಂಗ್ ಪಾಸನ್ನು ಮನೆಯಿಂದ ಹೊರಡುವ ಮುಂಚೆ ಒಂದು ಸಲ, ಗೇಟ್ ಹತ್ತಿರ ಇನ್ನೊಂದು ಸಲ ನೋಡಿ. ಕೆಲವೊಮ್ಮೆ ವಿಮಾನ ಬದಲಾಗಿ ಚಿಕ್ಕದು ಬಂದರೆ ಸೀಟ್ ನಂಬರ್ ಕೂಡ ಬದಲಾಗುತ್ತದೆ. ಹಾಗೆ ಐದು ಜನ ಚದುರಿಹೋದರೆ ಒಳಗೆ ಹೋಗಿ ಬೇರೆಯವರನ್ನು ಕೇಳಿಕೊಳ್ಳುವ ಬದಲು ಗೇಟ್‌ನಲ್ಲೇ ಸರಿಪಡಿಸಿಕೊಳ್ಳಿ, ಅವರ ಮುಂದೆ ಸೀಟುಗಳ ಪಟ್ಟಿಯೇ ಇರುತ್ತದೆ. ಹೊರಡುವ ಸಮಯಕ್ಕೆ ಕೊನೇಪಕ್ಷ 10 ನಿಮಿಷ ಮುಂಚೆ ನೀವು ಗೇಟ್‌ನಲ್ಲಿ ಇರಲೇಬೇಕು. ಹಿರಿಯರೂ ಮಗುವೂ ಇರುವಾಗ ನಾನಾದರೆ ಒಂದು ಗಂಟೆ ಮುಂಚೆಯೇ ಅಲ್ಲಿ ಹೋಗಿ ಕೂರುತ್ತೇನೆ. ಆಗ ಒಬ್ಬರು ಮಗಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬರಲೂ ಹೊತ್ತಿರುತ್ತದೆ.