ಇಟಲಿಯ ನಿರ್ದೇಶಕ ಎರ್ಮಾನೊ ಓಲ್ಮಿ ಸಿನಿಮಾ ತುಂಬಾ ನಿಧಾನ ಅಂತಾರೆ. ನಿಜವಾ? ಯಾವುದರಿಂದ ಶುರು ಮಾಡಲಿ?

ನಿಧಾನ ಅನ್ನೋದು ನಿಜ. ನನಗೆ ಅವರು ಇಷ್ಟವಾಗಿದ್ದೇ ಆ ನಿಧಾನಕ್ಕೆ.

ಓಲ್ಮಿ ಹುಟ್ಟಿದ್ದು 1931ರಲ್ಲಿ, ಉತ್ತರ ಇಟಲಿಯ ಬೆರ್ಗಾಮೊದಲ್ಲಿ. ಚಿಕ್ಕ ವಯಸ್ಸಿನಲ್ಲೇ ಮಿಲಾನ್‌ನ ಒಂದು ವಿದ್ಯುತ್ ಕಂಪನಿಯಲ್ಲಿ ಗುಮಾಸ್ತರಾದರು. ಆಮೇಲೆ ಅದೇ ಕಂಪನಿಗೆ ಅಣೆಕಟ್ಟು, ಕಾರ್ಮಿಕರ ಬಗ್ಗೆ ಸಾಕ್ಷ್ಯಚಿತ್ರ ತೆಗೆದರು. ದುಡಿಯುವವರ ಕೈ, ಮುಖ ನೋಡೋ ಅಭ್ಯಾಸ ಅವರಿಗೆ ಅಲ್ಲಿಂದಲೇ ಬಂದಿರಬೇಕು.

ನೀವು 1961ರ 'ಇಲ್ ಪೋಸ್ಟೊ'ದಿಂದ ಶುರು ಮಾಡಿ. ಹೆಸರಿನ ಅರ್ಥ 'ನೌಕರಿ'. ಹಳ್ಳಿ ಕಡೆಯ ಹುಡುಗ ದೊಮೆನಿಕೊ ಮಿಲಾನ್‌ಗೆ ಪರೀಕ್ಷೆ ಬರೆಯಲು ಬರುತ್ತಾನೆ. ಗುಮಾಸ್ತನ ಜಾಗ ಖಾಲಿ ಇಲ್ಲ, ಮೊದಲು ಜವಾನನ ಕೆಲಸ. ಒಬ್ಬ ಗುಮಾಸ್ತ ಸತ್ತ ಮೇಲೆ ಇವನಿಗೆ ಮೇಜು ಸಿಗುತ್ತದೆ. ಕೊನೆಗೆ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಸದ್ದು, ಆ ಹುಡುಗನ ಕಣ್ಣು. ನನ್ನ ಮೊದಲ ನೌಕರಿಯ ದಿನಗಳಲ್ಲಿ ಇದನ್ನು ನೋಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಂದ ಹಾಗೆ, ಇದರಲ್ಲಿ ನಟಿಸಿದ ಲೊರೆದಾನಾ ದೆತ್ತೊ ಅವರನ್ನೇ ಓಲ್ಮಿ ಮುಂದೆ ಮದುವೆಯಾದರು.

ಆಮೇಲೆ 1978ರ 'ದ ಟ್ರೀ ಆಫ್ ವುಡನ್ ಕ್ಲಾಗ್ಸ್', ಅಂದರೆ 'ಮರದ ಮೆಟ್ಟುಗಳ ಮರ'. ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ, ಪಾಮ್ ದೋರ್, ಇದಕ್ಕೆ ಬಂತು. ಮೂರು ಗಂಟೆ ಮೀರುತ್ತದೆ, ಬಿಡುವು ಮಾಡಿಕೊಂಡು ಕೂತ್ಕೊಳ್ಳಿ. 19ನೇ ಶತಮಾನದ ಕೊನೆ, ಒಂದೇ ವಠಾರದಲ್ಲಿ ನಾಲ್ಕು ಗೇಣಿ ಕುಟುಂಬ. ಮನೆ, ಮರ ಎಲ್ಲಾ ಒಡೆಯನದು. ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲೂ ಅವನದೇ. ನಟಿಸಿದವರು ಆ ಸೀಮೆಯ ರೈತರೇ, ಮಾತೂ ಬೆರ್ಗಾಮೊ ಕಡೆಯ ಆಡುಮಾತು. ಬರವಣಿಗೆ, ನಿರ್ದೇಶನ, ಕ್ಯಾಮೆರಾ, ಸಂಕಲನ ಎಲ್ಲಾ ಓಲ್ಮಿ ಒಬ್ಬರದೇ.

ಶಾಲೆಯಿಂದ ಬರುವಾಗ ಹುಡುಗನ ಮರದ ಮೆಟ್ಟು ಒಡೆದುಹೋಗುತ್ತದೆ. ಅಪ್ಪ ಕತ್ತಲಲ್ಲಿ ಕದ್ದು ಒಂದು ಮರ ಕಡಿದು ಹೊಸ ಮೆಟ್ಟು ಕೆತ್ತುತ್ತಾನೆ. ಕೆತ್ತುವುದನ್ನು ಓಲ್ಮಿ ಆತುರವಿಲ್ಲದೆ ತೋರಿಸುತ್ತಾರೆ. ಅದಕ್ಕೇ ನಿಧಾನ ಬೇಕು ಅನ್ನೋದು, ಅಲ್ವಾ? ಆ ಶ್ರಮವನ್ನು ನೋಡಿದ್ದರೆ ತಾನೇ ಮುಂದಿನದು ನಮಗೆ ನೋಯುವುದು! ವಿಷಯ ಒಡೆಯನಿಗೆ ತಿಳಿಯುತ್ತದೆ. ಸಂಸಾರವನ್ನೇ ಹೊರಗೆ ಹಾಕುತ್ತಾನೆ. ಸಾಮಾನು ಗಾಡಿಗೆ ಏರುವಾಗ ನೆರೆಯವರು ಒಳಗೇ ನಿಂತು ನೋಡುತ್ತಾರೆ. ಗಾಡಿ ಹೊರಟ ಮೇಲಷ್ಟೇ ಹೊರಗೆ ಬರುತ್ತಾರೆ. ಕತ್ತಲಲ್ಲಿ ಅದರ ಲಾಟೀನು ದೂರ ಹೋಗುತ್ತಾ ಇರುತ್ತದೆ.